ಕುಂಡದ ಹಳೇ ಮಣ್ಣು ಎಲ್ಲಿಗೆ ಹೋಗಬೇಕು?

ಯುಗಾದಿ ಮುಗಿದು ಬಿಸಿಲು ಬಲಿತ ಈ ದಿನಗಳಲ್ಲಿ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಯಾವ ಓಣಿಗೆ ಹೋದರೂ ಈ ನೋಟ ಕಾಣುತ್ತದೆ. ಬೆಳಿಗ್ಗೆ ಘಂಟಾಗಾಡಿ ಬರುವ ಹೊತ್ತಿಗೆ ಹಸಿ ಕಸ, ಒಣ ಕಸದ ಡಬ್ಬಿಗಳ ಪಕ್ಕದಲ್ಲಿ ಸಿಮೆಂಟಿನ ಹಳೇ ಚೀಲವೊಂದು ಗೇಟಿಗೆ ಒರಗಿ ನಿಂತಿರುತ್ತದೆ. ಅದರ ತುಂಬ ಮಣ್ಣು. ಚಳಿಗಾಲದಲ್ಲಿ ಸೇವಂತಿಗೆಯನ್ನೋ ಟೊಮೆಟೊವನ್ನೋ ಬೆಳೆದು ಬರಿದಾದ ಕುಂಡಗಳ ಮಣ್ಣು. ಗಾಡಿಯವರು ಅದನ್ನು ಎತ್ತಲು ಒಲ್ಲೆ ಎನ್ನುತ್ತಾರೆ. ಮನೆಯವರು ಹೇಗೋ ಮಾಡಿ ಏರಿಸಿ ಕಳಿಸುತ್ತಾರೆ. ಅದೇ ಮನೆಯವರು ಅದೇ ಭಾನುವಾರ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಹೊಸ ಮಣ್ಣಿನ ಚೀಲ ತರುತ್ತಾರೆ.

ಇಚಲಕರಂಜಿಯಲ್ಲಿ ಪರಿಚಯದ ವೈನಿಯೊಬ್ಬರನ್ನು ಕೇಳಿದೆ: "ವೈನಿ, ಈ ಮಣ್ಣ ಯಾಕ ಚೆಲ್ಲಾಕತ್ತೀರಿ?" ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಸತ್ತ ಮಣ್ಣರೀ ಅದು. ಎರಡ ಸರತಿ ಬೀಜಾ ಹಾಕೀನಿ, ಏನೂ ಏಳವಲ್ದು" ಎಂದರು.

ಸತ್ತ ಮಣ್ಣು ಎಂಬ ಈ ತೀರ್ಪಿನ ಬಗ್ಗೆಯೇ ಇವತ್ತು ನನ್ನ ತಕರಾರು. ಕುಂಡದ ಮಣ್ಣು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಅದು ಹಸಿದಿರುತ್ತದೆ, ಇಲ್ಲವೇ ಉಸಿರುಗಟ್ಟಿರುತ್ತದೆ, ಇಲ್ಲವೇ ಉಪ್ಪು ಕಟ್ಟಿರುತ್ತದೆ. ರೋಗ ಹಿಡಿದ ಮಣ್ಣೂ ಇರುತ್ತದೆ, ಆದರೆ ನಾವು ತಿಳಿದಷ್ಟು ಇರುವುದಿಲ್ಲ. ಯಾವುದು ಏನೆಂದು ನೋಡಿ ಬೇರ್ಪಡಿಸಿದರೆ, ಚೆಲ್ಲುವ ಹತ್ತು ಬುಟ್ಟಿಯಲ್ಲಿ ಎಂಟು ಒಂಬತ್ತು ಬುಟ್ಟಿ ಮತ್ತೆ ಕುಂಡಕ್ಕೇ ಮರಳುತ್ತವೆ.

ಕುಂಡದೊಳಗೆ ನಾವು ತುಂಬಿದ್ದಾದರೂ ಏನು? ಹಿಂದೆ ಹೊಲದ ಮಣ್ಣು, ತಿಪ್ಪೆಯ ಗೊಬ್ಬರ, ಹೊಳೆಯ ಉಸುಕು ಕೂಡಿಸಿ ತುಂಬುತ್ತಿದ್ದೆವು. ಎತ್ತಲು ಭಾರ, ಬಾಳಿಕೆ ಬಹಳ. ಈಗ ಮಾಳಿಗೆಯ ಮೇಲೆ ತೋಟ. ಸ್ಲ್ಯಾಬಿಗೆ ಭಾರವಾಗಬಾರದು ಎಂದು ಕೆಂಪು ಮಣ್ಣು ಕಡಿಮೆ ಮಾಡಿ ಕೋಕೋಪೀಟ್ ಹೆಚ್ಚು ಮಾಡಿದ್ದೇವೆ. ತೆಂಗಿನ ನಾರು ಬಿಡಿಸುವಾಗ ಉದುರುವ ಪುಡಿ ಅದು. 5 ಕಿಲೋದ ಒಂದು ಇಟ್ಟಿಗೆ ನೆನೆಹಾಕಿದರೆ ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ಹೊಸದಿರುವಾಗ ಅದು ಅರಳಿದ ಅವಲಕ್ಕಿಯ ಹಾಗೆ ಹಗುರ. ಎರಡು ವರ್ಷ ನೀರು ಕುಡಿದು, ಬೇರಿನ ಒತ್ತು ತಿಂದು, ಕೊಳೆತು ಪುಡಿಯಾದ ಮೇಲೆ ಕಣಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಹಾಕಿದ ಗೊಬ್ಬರವನ್ನು ಸೂಕ್ಷ್ಮಜೀವಿಗಳು ಅಷ್ಟರಲ್ಲಿ ತಿಂದು ತೇಗಿರುತ್ತವೆ. ಕಂಠದವರೆಗೆ ತುಂಬಿದ ಕುಂಡ ನಾಲ್ಕು ಬೆರಳು ಕುಸಿದಿರುತ್ತದಲ್ಲ, ಅದರಲ್ಲಿ ಬಹುಪಾಲು ಆ ಗೊಬ್ಬರವೇ. ಮಣ್ಣಿನ ಮರಳು, ಜೇಡಿ, ಅದರ ಕಬ್ಬಿಣದಂಶ ಇದ್ದಲ್ಲೇ ಇರುತ್ತವೆ. ಹೋದದ್ದು ಕೂಳು ಮತ್ತು ಗಾಳಿ. ಇವೆರಡನ್ನೂ ಮತ್ತೆ ಕೊಡಬಹುದು.

ಉಪ್ಪಿನ ಕಥೆ ಬೇರೆ. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಶಿರೋಳ ತಾಲೂಕಿಗೆ ಹೋದರೆ ಸಾಕು.

ನಮ್ಮ ಜಿಲ್ಲೆ ಒಂದೇ ಜಿಲ್ಲೆಯಾದರೂ ಮಳೆಯ ಲೆಕ್ಕದಲ್ಲಿ ಎರಡು ದೇಶ. ಪಶ್ಚಿಮದ ಗಗನಬಾವಡಾದಲ್ಲಿ ವರ್ಷಕ್ಕೆ 5000 ಮಿಲಿಮೀಟರಿನ ಆಚೀಚೆ ಸುರಿದರೆ, ಪೂರ್ವದ ಶಿರೋಳದಲ್ಲಿ ಅದರ ಹತ್ತರಲ್ಲೊಂದು ಪಾಲು. ಅಲ್ಲಿ ಕೆಂಪು ಜಂಬಿಟ್ಟಿಗೆ ನೆಲ, ಇಲ್ಲಿ ಆಳವಾದ ಎರೆಭೂಮಿ. ಪಂಚಗಂಗೆ ನರಸೋಬನ ವಾಡಿಯಲ್ಲಿ ಕೃಷ್ಣೆಯನ್ನು ಕೂಡುವ ಈ ಭಾಗದಲ್ಲಿ ನೀರಿಗೆ ಬರವಿಲ್ಲ. ಕಬ್ಬಿಗೆ ವರ್ಷಗಟ್ಟಲೆ ನೀರು ಬಿಟ್ಟರು, ಗೊಬ್ಬರ ಸುರಿದರು. ಎರೆಮಣ್ಣು ನೀರನ್ನು ಕೆಳಗೆ ಬಿಡಲಿಲ್ಲ. ನಿಂತ ನೀರು ಬಿಸಿಲಿಗೆ ಮೇಲೇರಿ ಆವಿಯಾಯಿತು, ಉಪ್ಪು ಮೇಲೆ ಉಳಿಯಿತು. ಸವಳು-ಜವಳು ಎಂದು ರೈತರು ಕರೆಯುವುದು ಇದನ್ನೇ. ಒಂದು ಕಾಲಕ್ಕೆ ಕಬ್ಬು ಆಳೆತ್ತರ ನಿಂತ ಹೊಲ ಬೆಳ್ಳಗಾಗಿ ಹುಲ್ಲೂ ಹುಟ್ಟದಂತಾಯಿತು. ಆ ಹೊಲಗಳನ್ನು ಯಾರೂ ಘಂಟಾಗಾಡಿಗೆ ಹಾಕಲಿಲ್ಲ, ಹಾಕಲು ಬರುವುದೂ ಇಲ್ಲ. ಶಿರೋಳದ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯು ರೈತರನ್ನು ಕೂಡಿಸಿ ನೆಲದಡಿ ತೂತಿನ ಪೈಪು ಹೂಳಿಸುವ ಕೆಲಸಕ್ಕೆ ಕೈಹಾಕಿತು. ಮೇಲಿನಿಂದ ಬಿದ್ದ ನೀರು ಉಪ್ಪನ್ನು ಕರಗಿಸಿಕೊಂಡು ಪೈಪಿಗಿಳಿದು ಹಳ್ಳಕ್ಕೆ ಹೋಗುತ್ತದೆ. ಹಾಗೆ ತೊಳೆದ ಹೊಲಗಳಲ್ಲಿ ಮತ್ತೆ ಬೆಳೆ ನಿಂತಿದೆ.

ನಿಮ್ಮ ಕುಂಡದಲ್ಲಿ ನಡೆಯುವುದೂ ಇದೇ ಸವಳು-ಜವಳು, ಹತ್ತು ಇಂಚಿನ ಅಗಲದಲ್ಲಿ. ಬೋರಿನ ಗಡುಸು ನೀರು, ತಿಂಗಳಿಗೊಮ್ಮೆ ಚಮಚೆ ಗೊಬ್ಬರ, ಕೆಳಗಿನ ತೂತು ಬೇರಿನಿಂದಲೋ ಓಡಿನ ಚೂರಿನಿಂದಲೋ ಕಟ್ಟಿಹೋದದ್ದು. ಮಣ್ಣಿನ ಮೇಲೆ, ಕುಂಡದ ಅಂಚಿನ ಸುತ್ತ ಬಿಳಿ ಹೆಪ್ಪು ಕಟ್ಟುತ್ತದೆ. ಕೆಲವರು ಅದನ್ನು ಬೂಷ್ಟು ಎಂದುಕೊಂಡು ಔಷಧ ಹೊಡೆಯುತ್ತಾರೆ. ಉಗುರಿನಿಂದ ಕೆರೆದು ನೋಡಿ. ಬೂಷ್ಟಾದರೆ ಎಳೆ ಎಳೆಯಾಗಿ ಮೆತ್ತಗಿರುತ್ತದೆ, ಉಪ್ಪಾದರೆ ಪಕಳೆಯಾಗಿ ಎದ್ದು ಪುಡಿಯಾಗುತ್ತದೆ.

ಈಗ ಕುಂಡ ಬರಿದು ಮಾಡೋಣ. ನೆರಳಿನಲ್ಲಿ ಒಂದು ತಾಡಪತ್ರಿ ಹಾಸಿ, ಕುಂಡವನ್ನು ಬೋರಲು ಹಾಕಿ, ತಳಕ್ಕೆ ಅಂಗೈಯಿಂದ ಎರಡೇಟು ಕೊಡಿ. ಮಣ್ಣು ಗಡ್ಡೆಯಾಗಿ ಕುಂಡದ ಆಕಾರದಲ್ಲೇ ಹೊರಬರುತ್ತದೆ. ಅವಸರಪಟ್ಟು ಒಡೆಯಬೇಡಿ. ಈ ಗಡ್ಡೆಯಷ್ಟು ಚೆನ್ನಾದ ವೈದ್ಯಕೀಯ ವರದಿ ಇನ್ನೊಂದಿಲ್ಲ.

ಮೊದಲು ಮೂಸಿ ನೋಡಿ. ಮಳೆ ಬಿದ್ದ ನೆಲದ ವಾಸನೆ ಬಂದರೆ ಅರ್ಧ ಚಿಂತೆ ಕಳೆಯಿತು. ಚರಂಡಿಯ ವಾಸನೆ ಬಂದರೆ ತಳದಲ್ಲಿ ನೀರು ನಿಂತು ಗಾಳಿಯಿಲ್ಲದೆ ಕೊಳೆತಿದೆ. ಅಂಥದ್ದನ್ನು ಹರವಿ ಒಂದು ವಾರ ಗಾಳಿಗೆ ಬಿಟ್ಟರೆ ಸಾಕು, ವಾಸನೆ ತಾನೇ ಹೋಗುತ್ತದೆ.

ಆಮೇಲೆ ಬೇರು. ಟೊಮೆಟೊ, ಬದನೆ, ಬೆಂಡೆಯ ಬೇರಿನಲ್ಲಿ ಗಂಟುಗಳಿವೆಯೇ ನೋಡಿ. ಮಣಿ ಪೋಣಿಸಿದಂತೆ ಬೇರೇ ಅಲ್ಲಲ್ಲಿ ಊದಿಕೊಂಡಿದ್ದರೆ ಅದು ಬೇರುಗಂಟಿನ ಜಂತುಹುಳು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಶೇಂಗಾ, ಅವರೆ, ಮೆಂತ್ಯದ ಬೇರಿನಲ್ಲೂ ಗಂಟುಗಳಿರುತ್ತವೆ, ಅವು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಪುಣ್ಯದ ಗಂಟುಗಳು. ಗುರುತಿಸುವುದು ಕಷ್ಟವಲ್ಲ. ಹೆಬ್ಬೆರಳಿಂದ ಉಜ್ಜಿದರೆ ಒಳ್ಳೆಯ ಗಂಟು ಬೇರಿನಿಂದ ಕಳಚಿ ಬೀಳುತ್ತದೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ಜಂತುಹುಳದ ಗಂಟು ಕಳಚುವುದಿಲ್ಲ, ಅದು ಬೇರಿನ ಮೈಯೇ. ಗಡಹಿಂಗ್ಲಜದ ಕಡೆ ಶೇಂಗಾ ಕಿತ್ತು ಬೆಳೆದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪೇಟೆಯ ಮಾಳಿಗೆಯವರು ಮಾತ್ರ ಒಳ್ಳೆಯ ಗಂಟನ್ನು ಕಂಡು ಬೆಚ್ಚಿ ಮಣ್ಣು ಚೆಲ್ಲುತ್ತಾರೆ.

ಇನ್ನು ಹುಳು. ಗಡ್ಡೆ ಒಡೆಯುವಾಗ ಬೆಳ್ಳಗೆ, ದಪ್ಪಗೆ, ಕೊಡೆಹಿಡಿಯಂತೆ ಬಾಗಿದ ಹುಳು ಉರುಳಿ ಬೀಳುವುದುಂಟು. ಗೊಣ್ಣೆಹುಳು. ನಮ್ಮ ಕಬ್ಬಿನ ರೈತರ ಬಾಯಲ್ಲಿ ಹುಮಣಿ. ಎಷ್ಟೋ ಎಕರೆ ಕಬ್ಬನ್ನು ಬುಡದಿಂದ ಒಣಗಿಸುವ ಹುಳು ಇದು. ಅರೆಬರೆ ಕೊಳೆತ ತಿಪ್ಪೆಗೊಬ್ಬರದ ಜೊತೆಗೆ ಕುಂಡಕ್ಕೂ ಬರುತ್ತದೆ. ಆದರೆ ಗೊಬ್ಬರದಲ್ಲಿರುವ ಬಿಳಿ ಹುಳುಗಳೆಲ್ಲ ಹುಮಣಿಯಲ್ಲ. ಅನುಮಾನ ಬಂದರೆ ನುಣುಪಾದ ನೆಲದ ಮೇಲೆ ಬಿಟ್ಟು ನೋಡಿ. ಮಗ್ಗುಲಾಗಿ ಬಾಗಿಕೊಂಡೇ ಬಿದ್ದಿದ್ದರೆ ಅದು ಬೇರು ತಿನ್ನುವ ಜಾತಿ ಎಂದು ತಿಳಿಯಿರಿ. ಅಂಗಾತ ಮಲಗಿ, ಕಾಲು ಮೇಲೆ ಮಾಡಿ, ಬೆನ್ನಿನ ಮೇಲೆ ಸರಸರ ಸಾಗಿದರೆ ಅದು ಹೂದುಂಬಿಯ ಮರಿ. ಕೊಳೆತದ್ದನ್ನು ತಿಂದು ಗೊಬ್ಬರ ಮಾಡಿಕೊಡುತ್ತದೆ, ಗಿಡದ ತಂಟೆಗೆ ಬರುವುದಿಲ್ಲ. ಅದನ್ನು ಗೊಬ್ಬರದ ಗುಂಡಿಗೆ ಬಿಡಿ. ಹುಮಣಿಯನ್ನು ಆರಿಸುವ ಕೆಲಸ ನಿಮಗೆ ಹೇಸಿಗೆಯಾದರೆ ತಾಡಪತ್ರಿಯನ್ನು ಬೆಳಿಗ್ಗೆ ತೆರೆದಿಟ್ಟು ಒಳಗೆ ಹೋಗಿ. ಕಾಗೆ, ಗೊರವಂಕಗಳು ಒಂದನ್ನೂ ಉಳಿಸುವುದಿಲ್ಲ.

ಗಿಡ ಸತ್ತ ರೀತಿಯೂ ಮಣ್ಣಿನ ಸುದ್ದಿ ಹೇಳುತ್ತದೆ. ನಿನ್ನೆ ಹಸಿರಾಗಿದ್ದ ಟೊಮೆಟೊ ಇವತ್ತು ಎಲೆ ಹಳದಿಯಾಗದೆ ಹಾಗೇ ಜೋತುಬಿದ್ದರೆ, ಬುಡದ ದಂಟನ್ನು ಓರೆಯಾಗಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೊಯ್ದ ಜಾಗದಿಂದ ಹಾಲಿನ ಎಳೆ ಇಳಿದಂತೆ ಬಿಳಿಯದು ಸುರುಳಿ ಸುರುಳಿಯಾಗಿ ಇಳಿದರೆ ಅದು ದುಂಡಾಣುವಿನ ಸೊರಗು ರೋಗ. ಈ ಮಣ್ಣಿನ ಮೇಲೆ ನನಗೆ ಕರುಣೆಯಿಲ್ಲ. ಅದನ್ನು ಕುಂಡಕ್ಕೆ ತರಬೇಡಿ. ದೊಡ್ಡ ಮರದ ಬುಡಕ್ಕೆ ಹಾಕಿ, ಕುಂಡವನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆಯಿರಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಬಳಗ. ಒಂದಕ್ಕೆ ಬಂದ ಮಣ್ಣಿನ ರೋಗ ಇನ್ನೊಂದಕ್ಕೂ ಬರುತ್ತದೆ.

ಆದರೆ ತಪ್ಪಿಲ್ಲದೆ ಶಿಕ್ಷೆ ಅನುಭವಿಸುವ ಮಣ್ಣೇ ಹೆಚ್ಚು. ಸಂಕೇಶ್ವರಿ ಮೆಣಸಿನಕಾಯಿಯ ಸೀಮೆ ನಮ್ಮದು. ಗಡಹಿಂಗ್ಲಜದ ಪೇಟೆಯಲ್ಲಿ ಕೆಂಪು ರಾಶಿ ನೋಡಿ ಬಂದವರಿಗೆ ಮನೆಯಲ್ಲೂ ನಾಲ್ಕು ಗಿಡ ಇಡುವ ಆಸೆ. ಗಿಡಕ್ಕೆ ಮುಟುರು ರೋಗ ಬರುತ್ತದೆ, ಎಲೆ ದೋಣಿಯಂತೆ ಮಡಚಿಕೊಳ್ಳುತ್ತದೆ. ಕೂಡಲೇ ಗಿಡದ ಜೊತೆ ಮಣ್ಣನ್ನೂ ಚೆಲ್ಲುತ್ತಾರೆ. ಈ ಮುಟುರು ತರುವುದು ಥ್ರಿಪ್ಸ್, ನುಸಿ, ಬಿಳಿನೊಣ. ಬೆಂಡೆಯ ಎಲೆ ಹಳದಿ ಬಲೆಯಂತಾಗುವುದೂ ಬಿಳಿನೊಣ ಹೊತ್ತು ತಂದ ನಂಜಿನಿಂದ. ಅದು ಗಾಳಿಯಲ್ಲಿ ಹಾರಿಬಂದ ರೋಗ, ಮಣ್ಣಿನೊಳಗೆ ಉಳಿಯುವುದಿಲ್ಲ. ಗಿಡ ಕಿತ್ತು ಸುಟ್ಟರೆ ಮುಗಿಯಿತು.

ಅನುಮಾನದ ಮಣ್ಣಿಗೆ ನಮ್ಮ ಕೈಯಲ್ಲಿರುವ ದೊಡ್ಡ ಔಷಧ ಈಗ ತಲೆ ಮೇಲೆ ಸುಡುತ್ತಿರುವ ಬಿಸಿಲು. ಇಸ್ರೇಲಿನ ಜೋರ್ಡಾನ್ ಕಣಿವೆಯ ಹೊಲಗಳಲ್ಲಿ ಹಾಸಿದ ಪ್ಲಾಸ್ಟಿಕ್ಕಿನಡಿ ಮಣ್ಣು ಕೈಸುಡುವಷ್ಟು ಕಾಯುವುದನ್ನು ಅಲ್ಲಿನ ರೈತರು ಗಮನಿಸಿದ್ದರು. ಅದರ ಬೆನ್ನು ಹತ್ತಿದ ಯಾಕೋವ್ ಕಟಾನ್ ಎಂಬ ಸಸ್ಯರೋಗ ತಜ್ಞರು ಮತ್ತವರ ಸಂಗಡಿಗರು 1976ರಲ್ಲಿ, ಹಸಿ ಮಣ್ಣಿನ ಮೇಲೆ ಪಾರದರ್ಶಕ ಹಾಳೆ ಹೊದಿಸಿ ಬಿಸಿಲಿಗೆ ಬಿಟ್ಟರೆ ಸೊರಗು ರೋಗದ ಶಿಲೀಂಧ್ರಗಳು ನಾಶವಾಗುತ್ತವೆ ಎಂದು ತೋರಿಸಿದರು. ಈಗ ಜಗತ್ತಿನಾದ್ಯಂತ ಸಸಿಮಡಿಗಳಿಗೆ ಇದೇ ಉಪಾಯ. ಅದಕ್ಕೂ ಮೊದಲು, 1930ರ ದಶಕದಲ್ಲಿ, ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯಲ್ಲಿ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಮಣ್ಣನ್ನು ಹಬೆಯಲ್ಲಿ ಬೇಯಿಸಿ, ಅದಕ್ಕೆ ಲೆಕ್ಕದ ಗೊಬ್ಬರ ಬೆರೆಸಿ ಕುಂಡದ ಮಿಶ್ರಣ ಸಿದ್ಧಮಾಡಿದ್ದರು. 7 ಪಾಲು ಮಣ್ಣು, 3 ಪಾಲು ಪೀಟ್, 2 ಪಾಲು ಮರಳು. ಅಲ್ಲಿಯ ತನಕ ಒಂದೊಂದು ಗಿಡಕ್ಕೆ ಒಂದೊಂದು ಗುಟ್ಟಿನ ಮಿಶ್ರಣ ಇಟ್ಟುಕೊಂಡಿದ್ದ ತೋಟಗಾರರಿಗೆ, ರೋಗ ಕಳೆದ ಮಣ್ಣಾದರೆ ಒಂದೇ ಮಿಶ್ರಣ ಬಹುಪಾಲು ಗಿಡಗಳಿಗೆ ಸಾಕಾಗುತ್ತದೆ ಎಂಬುದು ಹೊಸ ಸಂಗತಿಯಾಗಿತ್ತು. ಅವರಿಗೆ ಕಲ್ಲಿದ್ದಲು ಸುಟ್ಟು ಹಬೆ ಎಬ್ಬಿಸಬೇಕಾಗಿತ್ತು. ನಮ್ಮ ಮಾಳಿಗೆಗೆ ಸೂರ್ಯನೇ ಸಾಕು.

ಮಾಡುವ ಬಗೆ ಹೀಗೆ. ಬೇರು, ಕಡ್ಡಿ, ಓಡಿನ ಚೂರು ತೆಗೆದ ಮಣ್ಣಿಗೆ ನೀರು ಚಿಮುಕಿಸಿ. ಮುಷ್ಟಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಒಣ ಮಣ್ಣಿನಲ್ಲಿ ಶಿಲೀಂಧ್ರದ ಬೀಜ ನಿದ್ದೆಯಲ್ಲಿರುತ್ತದೆ, ಎಷ್ಟು ಕಾಸಿದರೂ ಸಾಯುವುದಿಲ್ಲ. ಹಸಿಯಾದರೆ ಶಾಖ ಒಳಗೂ ಇಳಿಯುತ್ತದೆ. ಮಾಳಿಗೆಯ ಮೇಲೆ ಒಂದು ಹಾಳೆ ಹಾಸಿ, ಮಣ್ಣನ್ನು ಒಂದು ಗೇಣಿಗಿಂತ ದಪ್ಪವಾಗದಂತೆ ಹರವಿ, ಮೇಲೆ ತೆಳುವಾದ ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚುಗಳಿಗೆ ಇಟ್ಟಿಗೆ ಹೇರಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ನಾಲ್ಕರಿಂದ ಆರು ವಾರ ಬಿಡಿ. ನಡುವೆ ಒಮ್ಮೆ ತಿರುವಿ ಹಾಕಿ. ಏಪ್ರಿಲ್ ಮೇ ತಿಂಗಳು ತಪ್ಪಿದರೆ ಈ ಕೆಲಸಕ್ಕೆ ಮುಂದಿನ ವರ್ಷವೇ ಗತಿ. ಮಿರಗ ಕೂಡುವ ಹೊತ್ತಿಗೆ ಮೋಡ ಕವಿದು ಶಾಖ ಇಳಿದುಬಿಡುತ್ತದೆ. ಜಂತುಹುಳು ಇದರಿಂದ ತಗ್ಗುತ್ತದೆ, ಪೂರ್ತಿ ಹೋಗುತ್ತದೆಂದು ನಂಬಬೇಡಿ. ಅಂಥ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ, ಮೊದಲ ಬೆಳೆಯಾಗಿ ಚೆಂಡುಹೂ ಹಚ್ಚಿ. ಅದರ ಬೇರಿನ ರಸ ಜಂತುಹುಳಕ್ಕೆ ಆಗದು. ದಸರೆಗೆ ಹೂವೂ ಆಯಿತು.

ಉಪ್ಪು ಕಟ್ಟಿದ ಮಣ್ಣಿಗೆ ಬಿಸಿಲು ಏನೂ ಮಾಡದು, ಅದಕ್ಕೆ ಶಿರೋಳದ ಉಪಾಯವೇ ಆಗಬೇಕು. ಮೇಲಿನ ಬಿಳಿ ಹೆಪ್ಪನ್ನು ಒಂದು ಅಂಗುಲ ಕೆರೆದು ತೆಗೆಯಿರಿ. ತೂತು ಬಿಡಿಸಿದ ಕುಂಡದಲ್ಲಿ ಮಣ್ಣು ಹಾಕಿ, ಕುಂಡದ ಅಳತೆಯ ಎರಡು ಮೂರು ಪಟ್ಟು ನೀರನ್ನು ನಿಧಾನಕ್ಕೆ ಸುರಿದು ಇಳಿಯಲು ಬಿಡಿ. ಇಳಿದ ನೀರು ಮೊದಲು ಚಹಾದ ಬಣ್ಣ, ಬರಬರುತ್ತ ತಿಳಿ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅವಸರವಿಲ್ಲದವರು ಖಾಲಿ ಕುಂಡಗಳನ್ನು ಮಣ್ಣಿನ ಸಮೇತ ಜೂನ್-ಜುಲೈ ಮಳೆಯಲ್ಲಿ ಬಯಲಿಗಿಟ್ಟರೂ ಕೆಲಸ ಆಗುತ್ತದೆ. ಕೊಲ್ಹಾಪುರ ಶಹರದ ಮಳೆಗೆ ಅಷ್ಟು ಕಸುವಿದೆ. ಇಚಲಕರಂಜಿಯವರು ಮಾತ್ರ ಮಳೆಯ ಮೇಲೆ ಭಾರ ಹಾಕದೆ ಕೈಯಿಂದ ನೀರು ಹಾಕುವುದು ಲೇಸು.

ತೊಳೆದ ಮಣ್ಣು, ಕಾಸಿದ ಮಣ್ಣು ಎರಡೂ ಹಸಿದ ಮಣ್ಣು. ಉಣ್ಣಿಸಬೇಕು. ಇಲ್ಲಿ ನಮ್ಮ ಊರುಗಳ ಭಾಗ್ಯ ದೊಡ್ಡದು, ಆದರೆ ಸಿಕ್ಕಿದ್ದೆಲ್ಲ ಕುಂಡಕ್ಕೆ ಆಗುವುದಿಲ್ಲ. ಸಕ್ಕರೆ ಕಾರ್ಖಾನೆಯ ಮಳಿಯನ್ನೇ ತೆಗೆದುಕೊಳ್ಳಿ. 100 ಟನ್ ಕಬ್ಬು ಅರೆದರೆ ಮೂರು ನಾಲ್ಕು ಟನ್ ಮಳಿ ಉಳಿಯುತ್ತದೆ. ರಂಜಕ, ಸುಣ್ಣದಂಶ, ಸಾವಯವ ಪದಾರ್ಥ ತುಂಬಿದ ಮಾಲು. ಆದರೆ ಹಸಿ ಮಳಿಯಲ್ಲಿ ಕಬ್ಬಿನ ಮೇಣ ಇರುತ್ತದೆ, ಕೊಳೆಯುವಾಗ ಕೈಯಿಡಲಾಗದಷ್ಟು ಕಾಯುತ್ತದೆ. ಮೂರು ನಾಲ್ಕು ತಿಂಗಳು ರಾಶಿಯಲ್ಲಿ ಕೊಳೆತು, ತಣ್ಣಗಾಗಿ, ಕರ್ರಗೆ ಉದುರುದುರಾದ ಮೇಲೆ ತನ್ನಿ. ಇನ್ನೊಂದು ಮಾತು. ಮದ್ಯಸಾರ ತೆಗೆಯುವ ಘಟಕವಿರುವ ಕಾರ್ಖಾನೆಗಳಲ್ಲಿ ಅದರ ಹೊಲಸು ನೀರನ್ನು ಮಳಿಗೆ ಬೆರೆಸಿ ಗೊಬ್ಬರ ಮಾಡುವ ಪದ್ಧತಿಯಿದೆ. ಹೊಲಕ್ಕೆ ಅದು ಒಳ್ಳೆಯದೇ, ಪೊಟ್ಯಾಷ್ ಹೇರಳ. ಆದರೆ ಉಪ್ಪೂ ಹೆಚ್ಚು. ಉಪ್ಪು ತೊಳೆಯಲು ನಾವು ಪಟ್ಟ ಪಾಡು ಅದರಿಂದ ನೀರಿಗೆ ಹೋಗುತ್ತದೆ. ಕುಂಡಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ.

ಶೇಂಗಾ ಹಿಂಡಿಯಲ್ಲಿ ಶೇ. 7ರ ಆಸುಪಾಸು ಸಾರಜನಕವಿದೆ. ಗಾಣದ ಊರಿನಲ್ಲಿ ಅದಕ್ಕೇನು ಕೊರತೆ? ಆದರೆ ಹಾಗೇ ಹಾಕಿದರೆ ಇರುವೆ, ಹೆಗ್ಗಣಗಳ ಜಾತ್ರೆ. ನಾಲ್ಕು ದಿನ ನೀರಲ್ಲಿ ಕೊಳೆಹಾಕಿ, ಹತ್ತು ಪಟ್ಟು ನೀರು ಬೆರೆಸಿ ಕೊಡಿ. ಕಬ್ಬಿನ ರವದಿ, ಗಾಣದ ಸಿಪ್ಪೆ ಹಗುರಾಗಿರುವುದರಿಂದ ಮಣ್ಣಿಗೆ ಗಾಳಿಯಾಡಲಿ ಎಂದು ಹಸಿಯಾಗಿಯೇ ಬೆರೆಸುವವರಿದ್ದಾರೆ. ಅದು ಕೊಳೆಯಲು ಬೇಕಾದ ಸಾರಜನಕವನ್ನು ಗಿಡದ ಬಾಯಿಂದಲೇ ಕಿತ್ತುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಮೊದಲು ಗೊಬ್ಬರವಾಗಲಿ.

ಇಚಲಕರಂಜಿಯವರಿಗೆ ಮಗ್ಗದ ಹತ್ತಿ ಕಸ ಸಿಗುತ್ತದೆ. ಹತ್ತಿಯಾದರೆ ಚೆನ್ನಾಗಿ ಕೊಳೆಯುತ್ತದೆ, ನೀರು ಹಿಡಿದಿಡುತ್ತದೆ. ಆದರೆ ಈಗ ಮಗ್ಗದ ಮೇಲೆ ಹತ್ತಿಯೊಂದೇ ಓಡುವುದಿಲ್ಲ. ಒಂದೆಳೆ ತೆಗೆದು ಬೆಂಕಿಕಡ್ಡಿಗೆ ಹಿಡಿಯಿರಿ. ಕಾಗದದಂತೆ ಉರಿದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎರಡನೆಯದು ಮಣ್ಣಿನಲ್ಲಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಬಣ್ಣ ಹಾಕಿದ ನೂಲನ್ನೂ ದೂರವಿಡಿ. ಸೈಜಿಂಗ್ ಬಾಯ್ಲರಿನ ಬೂದಿ ಕಟ್ಟಿಗೆಯದಾದರೆ ಒಂದು ಚಿಟಿಕೆ ನಡೆದೀತು, ಕಲ್ಲಿದ್ದಲಿನದು ಬೇಡವೇ ಬೇಡ. ಗುಜರಿಯಲ್ಲಿ ಸಿಗುವ ನೀಲಿ ಡ್ರಮ್ಮನ್ನು ಕೊಯ್ದು ಕುಂಡ ಮಾಡುವವರು ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿಯೇ ತರಬೇಕು. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಅಡಿಗೆಮನೆಯ ಕಸದಿಂದ ಗೊಬ್ಬರ ಮಾಡುವವರಿಗೆ ಹಳೇ ಮಣ್ಣು ಬೇರೊಂದು ರೀತಿಯಲ್ಲಿ ಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಊರ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ, ತಿರುವದೆ ತಿಂಗಳುಗಟ್ಟಲೆ ಬಿಟ್ಟು ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಬೆಂಗಳೂರು ಪದ್ಧತಿ ಎಂದು ಅದು ದೇಶದಾಚೆಗೂ ಹೆಸರಾಯಿತು. ಗುಂಡಿಗೆ ಜಾಗವಿಲ್ಲದ ನಾವು ತೂತಿನ ಬಕೀಟಿನಲ್ಲಿ ಒಂದು ಪದರ ಕಾಯಿಪಲ್ಲೆ ಸಿಪ್ಪೆ, ಅದು ಕಾಣದಷ್ಟು ಹಳೇ ಮಣ್ಣು, ಮತ್ತೆ ಸಿಪ್ಪೆ, ಮತ್ತೆ ಮಣ್ಣು ಎಂದು ತುಂಬುತ್ತ ಹೋದರೆ ನೊಣವಿಲ್ಲ, ನಾತವಿಲ್ಲ. ಮೂರು ನಾಲ್ಕು ತಿಂಗಳಿಗೆ ಸಿಪ್ಪೆ ಗುರುತಿಲ್ಲದಂತಾಗಿ, ಹಳೇ ಮಣ್ಣು ಮೈ ತುಂಬಿಕೊಂಡು ಹೊರಬರುತ್ತದೆ. ನನ್ನ ಮಟ್ಟಿಗೆ ಹಳೇ ಮಣ್ಣಿನ ಎಲ್ಲಕ್ಕಿಂತ ಒಳ್ಳೆಯ ಬಳಕೆ ಇದು. ಅಂಗಡಿಯಿಂದ ಏನೂ ತರಬೇಕಾಗಿಲ್ಲ.

ಬೆರೆಸುವ ಅಳತೆ ಕೇಳುವವರಿಗೆ ಇಷ್ಟು. ಎರಡು ಬುಟ್ಟಿ ಹಳೇ ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ, ಮಣ್ಣು ಬಿಗಿಯಾಗಿದ್ದರೆ ಅರ್ಧ ಬುಟ್ಟಿ ದಪ್ಪ ಉಸುಕು. ಹತ್ತು ಇಂಚಿನ ಕುಂಡಕ್ಕೆ ಒಂದು ಮುಷ್ಟಿಯ ಲೆಕ್ಕದಲ್ಲಿ ಬೇವಿನ ಹಿಂಡಿ. ಬಿಸಿಲಿಗೆ ಕಾಸಿದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಕಡಿಮೆಯಾಗಿರುತ್ತವೆ, ಆದ್ದರಿಂದ ಟ್ರೈಕೋಡರ್ಮಾ ಪುಡಿಯನ್ನು ಗೊಬ್ಬರದಲ್ಲಿ ಕಲಸಿ ಹಾಕಿ. ಕಾಸುವ ಮೊದಲು ಹಾಕಿದರೆ ಅದೂ ಬೆಂದುಹೋಗುತ್ತದೆ. ಕಲಸಿದ ಮಣ್ಣನ್ನು ನೆರಳಲ್ಲಿ ಎರಡು ವಾರ ತೇವ ಆರದಂತೆ ಇಟ್ಟು ಆಮೇಲೆ ತುಂಬಿ. ಹೆಚ್ಚಿನದು ತಿಳಿಯಬೇಕೆನ್ನುವವರಿಗೆ ಕನೇರಿಯ ಸಿದ್ಧಗಿರಿ ಮಠದಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಕಾಡಸಿದ್ಧೇಶ್ವರರ ದರ್ಶನಕ್ಕೆ ಹೋದವರು ಅತ್ತ ಒಂದು ಹೆಜ್ಜೆ ಹಾಕಬಹುದು.

ಮಣ್ಣು ಹದಕ್ಕೆ ಬಂತೋ ಇಲ್ಲವೋ ಎಂದು ತಿಳಿಯಲು ಒಂದು ಚಮಚೆ ಮೆಂತ್ಯ ಸಾಕು. ಒಂದು ತಾಟಿನಲ್ಲಿ ಈ ಮಣ್ಣು, ಇನ್ನೊಂದರಲ್ಲಿ ನಂಬಿಕೆಯ ಹೊಲದ ಮಣ್ಣು. ಎರಡರಲ್ಲೂ ಎಣಿಸಿ ಬೀಜ ಹಾಕಿ. ಐದಾರು ದಿನಕ್ಕೆ ಎರಡೂ ಸಮನಾಗಿ ಎದ್ದರೆ ಚಿಂತೆಯಿಲ್ಲ. ಮೊಳಕೆ ಕಡಿಮೆಯಾಗಿ ಬೇರಿನ ತುದಿ ಕಂದಿದರೆ ಉಪ್ಪು ಇನ್ನೂ ಇದೆ, ಮತ್ತೊಮ್ಮೆ ತೊಳೆಯಿರಿ. ನವರಾತ್ರಿಯಲ್ಲಿ ಘಟ ಕೂಡಿಸುವಾಗ ನಮ್ಮ ಮನೆಗಳಲ್ಲಿ ನಡೆಯುವುದೂ ಒಂದು ಬಗೆಯಲ್ಲಿ ಇದೇ ಪರೀಕ್ಷೆ. ಹೊಲದ ಮಣ್ಣು ತಂದು ಪತ್ರಾವಳಿಯ ಮೇಲೆ ಹರವಿ, ಕಾಳು ಬಿತ್ತಿ, ನಡುವೆ ಮಣ್ಣಿನ ಗಡಿಗೆ ಇಡುತ್ತೇವೆ. ಗಡಿಗೆಯಿಂದ ಜಿನುಗುವ ನೀರಿಗೆ ಒಂಬತ್ತು ದಿನದಲ್ಲಿ ಸಸಿ ಗೇಣುದ್ದ ಏಳುತ್ತದೆ. ಯಾರ ಮನೆಯ ಘಟ ಚೆನ್ನಾಗಿ ಎದ್ದಿತು ಎಂದು ಓಣಿಯೆಲ್ಲ ನೋಡುತ್ತದೆ. ದಸರೆ ಮುಗಿದ ಮೇಲೆ ಆ ಮಣ್ಣನ್ನು ಹೊಳೆಗೆ ಒಯ್ಯುವ ಬದಲು ಕುಂಡಕ್ಕೆ ಕೂಡಿಸಬಹುದು, ಬೇರು ತುಂಬಿದ ಒಳ್ಳೆಯ ಮಣ್ಣು.

ತುಳಸಿಯ ಮಣ್ಣಿನ ಬಗ್ಗೆ ಬಹಳ ಜನ ಕೇಳುತ್ತಾರೆ. ವೃಂದಾವನದ ಮಣ್ಣು ವರ್ಷಾನುಗಟ್ಟಲೆ ಬದಲಾಗುವುದಿಲ್ಲ. ತುಳಸಿ ಲಗ್ನಕ್ಕೆ ಪ್ರತಿ ವರ್ಷ ಸುಣ್ಣ ಬಳಿಯುವಾಗ ಒಂದಿಷ್ಟು ಒಳಗೂ ಬೀಳುತ್ತದೆ, ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು, ಬಹುಪಾಲು ವೃಂದಾವನಗಳ ತಳದಲ್ಲಿ ತೂತೇ ಇರುವುದಿಲ್ಲ. ತುಳಸಿ ಒಣಗಿದರೆ ಮನೆಗೆ ಕೇಡೆಂದು ಅಂಜುತ್ತಾರೆ. ತೂತು ಕೊರೆಸುವುದಿಲ್ಲ. ಆ ಮಣ್ಣನ್ನು ಕಂಡಕಂಡಲ್ಲಿ ಚೆಲ್ಲಲು ಯಾರಿಗೂ ಮನಸ್ಸಾಗದು. ಕಾಲು ತುಳಿಯದ ಕಡೆ, ದಾಸವಾಳದ ಬುಡಕ್ಕೋ ಬಾಳೆಯ ಬುಡಕ್ಕೋ ಹಾಕುವುದು ಹಿರಿಯರು ಮಾಡಿಕೊಂಡು ಬಂದ ರೂಢಿ. ಅದು ಸರಿಯಾದ ರೂಢಿಯೇ. ಗಣಪತಿಯ ಶಾಡೂ ಮಣ್ಣಿಗೂ ಇದೇ ದಾರಿ. ಮನೆಯ ಬಕೀಟಿನಲ್ಲಿ ವಿಸರ್ಜನೆ ಮಾಡಿದವರು ಕರಗಿದ ಜೇಡಿಯನ್ನು ತೆಳ್ಳಗೆ ಬೆರೆಸಿ ಕೋಕೋಪೀಟ್ ಹೆಚ್ಚಾದ ಕುಂಡಗಳಿಗೆ ಹಾಕಿ. ಅದಕ್ಕೆ ಮೈಬಲ ಬರುತ್ತದೆ. ದಪ್ಪಗೆ ಸುರಿದರೆ ಮೇಲೆ ಹೆಂಚಿನಂತೆ ಕಟ್ಟಿಕೊಳ್ಳುತ್ತದೆ. ಬಣ್ಣದ ಮೂರ್ತಿಯದಾದರೆ ತಿನ್ನುವ ಗಿಡಕ್ಕೆ ಬೇಡ.

ಇನ್ನು ಮಹಾಪೂರದ ಮಣ್ಣು. ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ 43 ಅಡಿಗೆ ಅಪಾಯದ ಗೆರೆ. 2019ರ ಆಗಸ್ಟಿನಲ್ಲಿ ನೀರು 55 ಅಡಿ ದಾಟಿತು, 2021ರ ಜುಲೈನಲ್ಲಿ ಮತ್ತೆ ಅದೇ ಪಾಡು. ನೀರು ಇಳಿದ ಮೇಲೆ ಅಂಗಳದ ಕುಂಡಗಳಲ್ಲಿ ಬೆರಳು ದಪ್ಪ ಗೋಡು ಕೂತಿತ್ತು. ಹೊಳೆಯ ಗೋಡು ಫಲವತ್ತೆಂದು ನಮ್ಮ ನಂಬಿಕೆ, ಹೊಲಕ್ಕೆ ಅದು ನಿಜವೂ ಹೌದು. ಆದರೆ ಶಹರದೊಳಗೆ ಹೊಕ್ಕ ನೀರು ಗಟಾರ, ಶೌಚದ ಗುಂಡಿ, ಗ್ಯಾರೇಜಿನ ಎಣ್ಣೆ ಎಲ್ಲವನ್ನೂ ಕೂಡಿಸಿಕೊಂಡು ಬಂದಿರುತ್ತದೆ. ಅಂಥ ಮಣ್ಣಿನಲ್ಲಿ ಕೊತ್ತಂಬರಿ, ಪಾಲಕ, ಮೂಲಂಗಿ ಬೇಡ. ಒಂದು ಬೇಸಿಗೆ ಪೂರ್ತಿ ಕಾಸಿ, ಹೂವಿನ ಗಿಡಕ್ಕೆ ಬಳಸಿ.

ಮಿರಗ ಕೂಡಿ ಎರಡು ಹದ ಮಳೆ ಬಿದ್ದ ಮೇಲೆ ಕುಂಡ ತುಂಬಿ. ಹಳೇ ಮಣ್ಣಿನ ಮೊದಲ ಬೆಳೆಗೆ ಟೊಮೆಟೊ, ಮೆಣಸಿನಕಾಯಿ ಬೇಡ. ಚವಳಿಕಾಯಿ, ಅವರೆ, ಮೆಂತ್ಯ ಹಾಕಿ, ಇಲ್ಲವೇ ಮಕ್ಕಳಿರುವ ಮನೆಯಾದರೆ ಅಗಲವಾದ ಕುಂಡದಲ್ಲಿ ನಾಲ್ಕು ಶೇಂಗಾ. ಕಾಯಿ ಕೊಯ್ದ ಮೇಲೆ ಬೇರು ಕೀಳದೆ ದಂಟನ್ನಷ್ಟೇ ಕತ್ತರಿಸಿ, ಗಂಟುಗಳು ಒಳಗೇ ಕೊಳೆಯಲಿ. ಶೇಂಗಾ ಮಾತ್ರ ಕೀಳಲೇಬೇಕು, ಅದರ ಬೇರನ್ನು ಕೊಡವಿ ಕತ್ತರಿಸಿ ಅದೇ ಮಣ್ಣಿಗೆ ಹಾಕಿ. ಚಳಿಗಾಲಕ್ಕೆ ಸೇವಂತಿಗೆ, ಕೋಸು, ಮೂಲಂಗಿ. ಟೊಮೆಟೊದ ಸರದಿ ಮುಂದಿನ ವರ್ಷ. ಎಲ್ಲ ಕುಂಡ ತುಂಬಿಯೂ ಒಂದೆರಡು ಬುಟ್ಟಿ ಮಿಕ್ಕೇ ಮಿಗುತ್ತದೆ. ಅದನ್ನು ಚೀಲ ಕಟ್ಟಿ ಮಳೆ ತಾಗದ ಮೂಲೆಯಲ್ಲಿಡಿ. ಶ್ರಾವಣದ ಹೊತ್ತಿಗೆ ಕುಂಡಗಳ ಮಣ್ಣು ಕುಸಿದು ಬೇರು ಮೇಲೆ ಕಾಣುವಾಗ ಬುಡಕ್ಕೆ ಏರಿಸಲು ಬೇಕಾಗುತ್ತದೆ.